ಕಟಕಟೆಯಲ್ಲಿ ನಿಂತ ಮನಸ್ಸು



ಒಂದು ಪ್ರಸಂಗವನ್ನು ಕಲ್ಪಿಸಿಕೊಳ್ಳಿ. ಬೀದರ ನಗರದ ಪಕ್ಕದ ಕೊಳಾರದಂಥ ಒಂದು ಊರು. ಒಂದು ಮಗ್ಗುಲಿಗೆ ಕಾರ್ಖಾನೆಗಳು, ಇನ್ನೊಂದು ಮಗ್ಗುಲಿಗೆ ತೊಗರಿ ಹೊಲಗಳು. ಅಲ್ಲಿಯ ಯುವಕನೊಬ್ಬ ಕೆಲವು ತಿಂಗಳಿಂದ ಯಾರೊಡನೆಯೂ ಸರಿಯಾಗಿ ಮಾತನಾಡುತ್ತಿಲ್ಲ. ರಾತ್ರಿ ನಿದ್ದೆಯಿಲ್ಲ. ಯಾರೋ ತನ್ನನ್ನು ಕೊಲ್ಲಲು ಬರುತ್ತಿದ್ದಾರೆ ಎನ್ನುತ್ತಾನೆ. ಮನೆಯವರು 'ಗಾಳಿ ಸೋಕ್ಯಾದ' ಎಂದು ತಾಯಿತ ಕಟ್ಟಿಸಿದ್ದಾರೆ. ಒಂದು ಮುಂಜಾನೆ ಅವನು ಒಡಹುಟ್ಟಿದ ಅಣ್ಣನ ಮೇಲೆಯೇ ಕೊಡಲಿ ಎತ್ತುತ್ತಾನೆ. ಅಣ್ಣ ಸಾಯುತ್ತಾನೆ. ತಮ್ಮ ಓಡಿಹೋಗುವುದಿಲ್ಲ. ಪೊಲೀಸರು ಬರುವವರೆಗೂ ಅಲ್ಲಿಯೇ ಕುಳಿತಿರುತ್ತಾನೆ.

ಕೊಲೆ ನಡೆದದ್ದು ನಿಜ. ಕೈ ಅವನದೇ, ಕೊಡಲಿಯೂ ಅವನದೇ. ಆದರೆ ಅವನು ಅಪರಾಧಿಯೇ? ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನ್ಯಾಯಾಧೀಶರು. ನ್ಯಾಯಾಧೀಶರಿಗೆ ಮನಸ್ಸಿನ ವಿಷಯ ತಿಳಿಸಿಕೊಡಬೇಕಾದವರು ವೈದ್ಯರು. ಒಬ್ಬರದು ಕಾನೂನು, ಇನ್ನೊಬ್ಬರದು ವಿಜ್ಞಾನ. ಈ ಎರಡೂ ಒಂದೇ ಕಟಕಟೆಯ ಎದುರು ಬಂದು ನಿಂತದ್ದು ಹೇಗೆ? ಅವೆರಡರ ನಡುವೆ ಸಿಕ್ಕಿಕೊಂಡ ಮನುಷ್ಯನ ಗತಿ ಏನಾಯಿತು? ನಾವು ನೋಡಲಿರುವುದು ಈ ಚರಿತ್ರೆಯನ್ನು.

ಮೊದಲು ಒಂದು ಮಾತನ್ನು ನೆನಪಿನಲ್ಲಿಡಿ. ಇಂಥ ಆರೋಪಿಯ ಬಗ್ಗೆ ಕಾನೂನು ಕೇಳುವುದು ಒಂದಲ್ಲ, ಮೂರು ಪ್ರಶ್ನೆಗಳನ್ನು. ಕೃತ್ಯ ನಡೆದಾಗ ಅವನ ಮನಸ್ಸು ಹೇಗಿತ್ತು? ಈಗ, ವಿಚಾರಣೆಯ ಹೊತ್ತಿನಲ್ಲಿ, ಹೇಗಿದೆ? ಮುಂದೆ ಅವನನ್ನು ಏನು ಮಾಡಬೇಕು? ಆಗ, ಈಗ, ಮುಂದೆ: ಈ ಮೂರು ಪದಗಳನ್ನು ಹಿಡಿದು ಹೊರಟರೆ ಎಂಟು ಹತ್ತು ಶತಮಾನಗಳ ಕಥೆಯಲ್ಲಿ ದಾರಿ ತಪ್ಪುವುದಿಲ್ಲ.

ಕಲ್ಯಾಣದಿಂದ ಆರಂಭ

ಬುದ್ಧಿ ಸ್ಥಿಮಿತದಲ್ಲಿಲ್ಲದವನನ್ನು ಉಳಿದವರಂತೆ ನೋಡಬಾರದು ಎಂಬ ವಿಚಾರ ಇಂಗ್ಲಿಷರೊಂದಿಗೆ ಬಂದದ್ದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ತಪ್ಪೊಪ್ಪಿಸಲು ಯಾರನ್ನು ಹಿಂಸಿಸಬಾರದು ಎಂಬ ಪಟ್ಟಿಯೊಂದಿದೆ. ಬಾಲಕರು, ವೃದ್ಧರು, ರೋಗಿಗಳ ಜೊತೆಗೆ 'ಉನ್ಮತ್ತ'ರೂ ಆ ಪಟ್ಟಿಯಲ್ಲಿದ್ದಾರೆ.

ಇನ್ನೊಂದು ಉದಾಹರಣೆಗೆ ನಾವು ಬೀದರ ಜಿಲ್ಲೆಯ ಗಡಿ ದಾಟಬೇಕಾಗಿಯೇ ಇಲ್ಲ. ಇಂದಿನ ಬಸವಕಲ್ಯಾಣ ಒಂದು ಕಾಲಕ್ಕೆ ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಅಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದನು. ಆಸ್ತಿ ಹಂಚಿಕೆಯ ವಿಷಯದಲ್ಲಿ ಈ ಗ್ರಂಥದ ಹೆಸರನ್ನು ನೀವು ಕೇಳಿರುತ್ತೀರಿ. ಕುಡಿದು ಮತ್ತನಾದವನು, ಉನ್ಮತ್ತನು, ಬಾಲಕ, ಭಯಗೊಂಡವನು ಮುಂತಾದವರು ಮಾಡಿದ ವ್ಯವಹಾರ ನಿಲ್ಲುವುದಿಲ್ಲ ಎಂದು ಸ್ಮೃತಿ ಹೇಳುತ್ತದೆ. ಉನ್ಮತ್ತ ಎಂದರೆ ಯಾರು ಎಂಬುದನ್ನು ವಿಜ್ಞಾನೇಶ್ವರ ವಿವರಿಸುತ್ತಾನೆ. ವಾತ, ಪಿತ್ತ, ಕಫ, ಇವುಗಳ ಕೂಟ, ಗ್ರಹಬಾಧೆ ಎಂದು ಐದು ಬಗೆಯ ಉನ್ಮಾದಗಳನ್ನು ಎಣಿಸುತ್ತಾನೆ. ಇಂದಿನ ವಿಜ್ಞಾನ ಈ ಕಾರಣಗಳನ್ನು ಒಪ್ಪದಿರಬಹುದು. ಆದರೆ ಗಮನಿಸಬೇಕಾದ ಅಂಶ ಬೇರೆಯೇ ಇದೆ. ಕಾನೂನಿನ ಪ್ರಶ್ನೆಗೆ ಉತ್ತರ ಹುಡುಕುವಾಗ ಧರ್ಮಶಾಸ್ತ್ರಕಾರನು ವೈದ್ಯಶಾಸ್ತ್ರದ ಬಾಗಿಲು ತಟ್ಟಿದ್ದಾನೆ. ಇಂದಿನ ನ್ಯಾಯಾಲಯ ಮಾಡುತ್ತಿರುವುದೂ ಅದನ್ನೇ.

ಬಹಮನಿ ಸುಲ್ತಾನರ ಕಾಲದಿಂದ ಬೀದರಿನಲ್ಲಿ ಪರಿಚಿತವಾದ ಇಸ್ಲಾಮೀ ನ್ಯಾಯಶಾಸ್ತ್ರವೂ 'ಮಜ್ನೂನ್' ಆದವನನ್ನು, ಎಂದರೆ ಬುದ್ಧಿಭ್ರಮಣೆಯಾದವನನ್ನು, ಪ್ರಾಣಕ್ಕೆ ಪ್ರಾಣ ಎಂಬ ದಂಡನೆಯಿಂದ ಹೊರಗಿಡುತ್ತದೆ. ಅರಿವಿಲ್ಲದವನಿಗೆ ಹೊಣೆಯಿಲ್ಲ ಎಂಬ ತತ್ತ್ವದಲ್ಲಿ ಎರಡೂ ಪರಂಪರೆಗಳು ಒಂದಾಗಿದ್ದವು. ಆದರೆ ಅರಿವು ಇತ್ತೇ ಇಲ್ಲವೇ ಎಂದು ಪರೀಕ್ಷಿಸುವ ಕ್ರಮವಾದ ವಿಧಾನ ಇನ್ನೂ ಬೆಳೆದಿರಲಿಲ್ಲ.

ಲಂಡನ್ನಿನಲ್ಲಿ ಹಾರಿದ ಗುಂಡು

1843ರ ಜನವರಿ 20ರಂದು ಲಂಡನ್ ನಗರದಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬ ಸ್ಕಾಟ್ಲೆಂಡಿನ ಮರಗೆಲಸಗಾರ ಒಬ್ಬ ವ್ಯಕ್ತಿಯ ಬೆನ್ನಿಗೆ ಗುಂಡು ಹಾರಿಸಿದ. ಗುಂಡು ತಗುಲಿದ್ದು ಪ್ರಧಾನಿ ರಾಬರ್ಟ್ ಪೀಲ್ ಅವರ ಕಾರ್ಯದರ್ಶಿ ಎಡ್ವರ್ಡ್ ಡ್ರಮ್ಮಂಡ್ ಅವರಿಗೆ. ಐದು ದಿನಗಳಲ್ಲಿ ಅವರು ತೀರಿಕೊಂಡರು. ಆಳುವ ಪಕ್ಷದವರು ಊರಿಂದೂರಿಗೆ ಹಿಂಬಾಲಿಸಿ ತನ್ನನ್ನು ಕಾಡುತ್ತಿದ್ದಾರೆ ಎಂಬುದು ಮೆಕ್‌ನಾಟನ್‌ನ ದೃಢವಾದ ನಂಬಿಕೆಯಾಗಿತ್ತು. ವೈದ್ಯರು ಸಾಕ್ಷಿ ನುಡಿದರು. ಪಂಚರ ಮಂಡಲಿ ಅವನನ್ನು ಬುದ್ಧಿಭ್ರಮಣೆಯ ಕಾರಣದಿಂದ ನಿರ್ದೋಷಿ ಎಂದಿತು.

ದೇಶದಲ್ಲಿ ಕೋಲಾಹಲವೆದ್ದಿತು. ವಿಕ್ಟೋರಿಯಾ ರಾಣಿಯೇ ಅಸಮಾಧಾನಗೊಂಡಳು. ಆಗ ಪ್ರಭುಗಳ ಸಭೆ ನ್ಯಾಯಾಧೀಶರ ಮುಂದೆ ಕೆಲವು ಪ್ರಶ್ನೆಗಳನ್ನಿಟ್ಟು ಉತ್ತರ ಪಡೆಯಿತು. ಅದೇ ವರ್ಷದ ಜೂನ್‌ನಲ್ಲಿ ಬಂದ ಆ ಉತ್ತರಗಳು 'ಮೆಕ್‌ನಾಟನ್ ನಿಯಮಗಳು' ಎಂದು ಪ್ರಸಿದ್ಧವಾದವು. ಅವುಗಳ ಸಾರ ಇಷ್ಟು: ಪ್ರತಿಯೊಬ್ಬನೂ ಸ್ವಸ್ಥಚಿತ್ತನೆಂದೇ ಭಾವಿಸಬೇಕು. ಅಲ್ಲವೆನ್ನುವವನು ಅದನ್ನು ತೋರಿಸಿಕೊಡಬೇಕು. ಮನೋರೋಗದಿಂದಾಗಿ ತಾನು ಏನು ಮಾಡುತ್ತಿದ್ದೇನೆಂಬುದು ಅವನಿಗೆ ತಿಳಿದಿರಬಾರದು, ಇಲ್ಲವೇ ಅದು ತಪ್ಪೆಂಬುದು ತಿಳಿದಿರಬಾರದು.

ಭಾರತದಲ್ಲಿ ಇದಕ್ಕೂ ಮೊದಲೇ ಈ ವಿಷಯದ ವಿಚಾರ ಶುರುವಾಗಿತ್ತು. 1837ರಲ್ಲಿ ಮೆಕಾಲೆ ಮತ್ತು ಅವನ ಸಹೋದ್ಯೋಗಿಗಳು ಸಿದ್ಧಪಡಿಸಿದ ದಂಡ ಸಂಹಿತೆಯ ಕರಡಿನಲ್ಲಿಯೇ ಹುಚ್ಚಿನ ಸ್ಥಿತಿಯಲ್ಲಿ ಮಾಡಿದ ಕೃತ್ಯ ಅಪರಾಧವಲ್ಲ ಎಂಬ ಸರಳ ಮಾತಿತ್ತು. ಸಂಹಿತೆ 1860ರಲ್ಲಿ ಕಾನೂನಾಗುವ ವೇಳೆಗೆ ಇಂಗ್ಲೆಂಡಿನ ನಿಯಮಗಳ ಪ್ರಭಾವ ಬಿದ್ದಿತು. ಹೀಗೆ ಹುಟ್ಟಿದ್ದು ಭಾರತ ದಂಡ ಸಂಹಿತೆಯ 84ನೆಯ ಕಲಮು. ಅದರ ಪ್ರಕಾರ ರೋಗವಿದ್ದರೆ ಸಾಲದು. ಆ ರೋಗದಿಂದಾಗಿ, ಆ ಗಳಿಗೆಯಲ್ಲಿ, ಕೃತ್ಯದ ಸ್ವರೂಪವನ್ನೋ ಅದು ತಪ್ಪು ಅಥವಾ ಕಾನೂನಿಗೆ ವಿರುದ್ಧ ಎಂಬುದನ್ನೋ ಅರಿಯುವ ಶಕ್ತಿ ಇಲ್ಲದಿರಬೇಕು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇದು 22ನೆಯ ಕಲಮಾಗಿದೆ. ಸಂಖ್ಯೆ ಬದಲಾಯಿತು, ತಿರುಳು ಬದಲಾಗಲಿಲ್ಲ.

ಆಶ್ರಯವೋ ಸೆರೆಯೋ?

ನಿರ್ದೋಷಿ ಎಂದಾಕ್ಷಣ ಮೆಕ್‌ನಾಟನ್ ಮನೆಗೆ ಹೋದನೇ? ಇಲ್ಲ. ಅವನನ್ನು ಬೆತ್ಲೆಮ್ ಎಂಬ ಆಸ್ಪತ್ರೆಗೆ ಕಳಿಸಿದರು. ಕೊನೆಗೆ ಬ್ರಾಡ್‌ಮೂರ್ ಎಂಬಲ್ಲಿಗೆ ಸಾಗಿಸಿದರು. 1865ರಲ್ಲಿ ಅವನು ತೀರಿಕೊಂಡದ್ದೂ ಅಲ್ಲಿಯೇ. ನೇಣಿನಿಂದ ಪಾರಾದವನು ಗೋಡೆಗಳಿಂದ ಪಾರಾಗಲಿಲ್ಲ. ನಮ್ಮ ದೇಶದಲ್ಲಿಯೂ ಹೀಗೆಯೇ ಆಯಿತು. 1849ರಲ್ಲಿ ಕಂಪನಿ ಸರಕಾರ ಇಂಥ ಆರೋಪಿಗಳನ್ನು ಭದ್ರವಾಗಿ ಇರಿಸುವುದಕ್ಕೆ ಒಂದು ಕಾಯಿದೆ ಮಾಡಿತು. 1858ರಲ್ಲಿ ಹುಚ್ಚಾಸ್ಪತ್ರೆಗಳ ಕಾಯಿದೆ ಬಂದಿತು.

ಇಂದಿನ ಕರ್ನಾಟಕದ ಎರಡು ದೊಡ್ಡ ಮಾನಸಿಕ ಆರೋಗ್ಯ ಸಂಸ್ಥೆಗಳ ಬೇರು ಈ ಕಾಲದ್ದೇ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡದ ಆಸ್ಪತ್ರೆ 1845ರದ್ದು. ಅದು ಇಂದಿನ ಡಿಮ್ಹಾನ್ಸ್. ಬೆಂಗಳೂರಿನದು 1847ರದ್ದು. ಆಗ ಮೈಸೂರು ಸಂಸ್ಥಾನ ಇಂಗ್ಲಿಷ್ ಕಮಿಷನರರ ಆಡಳಿತದಲ್ಲಿತ್ತು. ಬೆಂಗಳೂರಿನ ಸಂಸ್ಥೆ 1925ರಲ್ಲಿ 'ಮಾನಸಿಕ ಆಸ್ಪತ್ರೆ' ಎಂಬ ಹೆಸರು ಪಡೆಯಿತು. 1930ರ ದಶಕದಲ್ಲಿ ಹೊಸೂರು ರಸ್ತೆಯ ಹೊಸ ಆವರಣಕ್ಕೆ ಹೋಯಿತು. 1954ರಲ್ಲಿ ಅದರ ಪಕ್ಕದಲ್ಲಿಯೇ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರಲ್ಲಿ ಎರಡೂ ಕೂಡಿ ನಿಮ್ಹಾನ್ಸ್ ಆಯಿತು. ಹೆಸರು ಬದಲಾಯಿಸಿದ್ದು ಸಣ್ಣ ಸಂಗತಿಯಲ್ಲ. 'ಹುಚ್ಚರ ಮನೆ' ಎಂದರೆ ಅದು ಕೂಡಿಹಾಕುವ ಜಾಗ. 'ಆಸ್ಪತ್ರೆ' ಎಂದರೆ ಗುಣವಾಗಿ ಹೊರಬರುವ ಜಾಗ.

ಹಾಗಾದರೆ ಬೀದರಿನ ಕಥೆ? ಬೀದರ, ಭಾಲ್ಕಿ, ಔರಾದ ಎಲ್ಲವೂ ಆಗ ನಿಜಾಮರ ಹೈದರಾಬಾದ್ ರಾಜ್ಯದಲ್ಲಿದ್ದವು. ಅದಕ್ಕೆ ತನ್ನದೇ ದಂಡ ಸಂಹಿತೆ ಇತ್ತು. ನ್ಯಾಯಾಲಯದ ಭಾಷೆ ಉರ್ದು. ಅದಾಲತ್, ವಕೀಲ, ಕೈದಿ, ಜಾಮೀನು ಎಂಬ ಮಾತುಗಳು ನಮ್ಮ ನಾಲಿಗೆಯ ಮೇಲೆ ಇಂದಿಗೂ ಉಳಿದಿವೆ. ರಾಜ್ಯದ ಮಾನಸಿಕ ಆಸ್ಪತ್ರೆ ದೂರದ ಜಾಲ್ನಾದಲ್ಲಿತ್ತು. 1950ರ ದಶಕದಲ್ಲಿ ಅದು ಹೈದರಾಬಾದಿನ ಎರ್ರಗಡ್ಡಕ್ಕೆ ಸ್ಥಳಾಂತರವಾಯಿತು. 1948ರಲ್ಲಿ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. 1951ರ ಏಪ್ರಿಲ್ 1ರಿಂದ ಭಾರತ ದಂಡ ಸಂಹಿತೆ ಇಲ್ಲಿಯೂ ಜಾರಿಗೆ ಬಂದಿತು. ಅಂದಿನಿಂದ 84ನೆಯ ಕಲಮು ಬೆಂಗಳೂರಿನ ಆರೋಪಿಗೆ ಹೇಗೋ ಬೀದರಿನ ಆರೋಪಿಗೂ ಹಾಗೆಯೇ ಅನ್ವಯಿಸತೊಡಗಿತು. 1956ರ ನವೆಂಬರ್ 1ರಂದು ಬೀದರ ಮೈಸೂರು ರಾಜ್ಯವನ್ನು ಸೇರಿದಾಗ ಸರಕಾರಿ ಕಾಗದಗಳ ದಾರಿ ಹೈದರಾಬಾದನ್ನು ಬಿಟ್ಟು ಬೆಂಗಳೂರಿನತ್ತ ತಿರುಗಿತು. ಕಾನೂನು ಹತ್ತಿರ ಬಂದಿತು, ತಜ್ಞರು ಮಾತ್ರ ನೂರಾರು ಮೈಲಿ ದೂರವೇ ಉಳಿದರು.

ವೈದ್ಯರು ಏನನ್ನು ನೋಡುತ್ತಾರೆ?

ಸಿನಿಮಾಗಳಲ್ಲಿ ವೈದ್ಯರು ಆರೋಪಿಯ ಕಣ್ಣಲ್ಲಿ ಕಣ್ಣಿಟ್ಟು ಎರಡು ಪ್ರಶ್ನೆ ಕೇಳಿ ತೀರ್ಮಾನ ಹೇಳಿಬಿಡುತ್ತಾರೆ. ವಾಸ್ತವದಲ್ಲಿ ಹಾಗಿಲ್ಲ. ವಿಜ್ಞಾನ ಓದಿ ದೂರದರ್ಶನಕ್ಕೆ ಬಂದವನಾದ ನನಗೆ ಈ ವಿಷಯದಲ್ಲಿ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಈ ಭಾಗವೇ.

ಆರೋಪಿಗೆ ಮನೋರೋಗವಿರಬಹುದು ಎಂದು ನ್ಯಾಯಾಧೀಶರಿಗೆ ಅನಿಸಿದರೆ ಅವರು ವಿಚಾರಣೆಯನ್ನು ತಡೆದು ಮೊದಲು ಆ ವಿಷಯವನ್ನು ಪರಿಶೀಲಿಸಬೇಕು. ಹಿಂದೆ ಜಿಲ್ಲೆಯ ಸಿವಿಲ್ ಸರ್ಜನ್ ಪರೀಕ್ಷಿಸಿದರೆ ಸಾಕಾಗುತ್ತಿತ್ತು. 2009ರ ತಿದ್ದುಪಡಿಯಿಂದ ಆರೋಪಿಯನ್ನು ಮನೋವೈದ್ಯರ ಅಥವಾ ಚಿಕಿತ್ಸಾ ಮನೋವಿಜ್ಞಾನಿಗಳ ಬಳಿಗೆ ಕಳಿಸುವ ಕ್ರಮ ಬಂದಿತು. ಅವರ ಅಭಿಪ್ರಾಯ ಒಪ್ಪಿಗೆಯಾಗದಿದ್ದರೆ ವೈದ್ಯಕೀಯ ಮಂಡಲಿಗೆ ಮೇಲ್ಮನವಿ ಸಲ್ಲಿಸಬಹುದು. 2023ರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿಯೂ ಇದೇ ವ್ಯವಸ್ಥೆ ಮುಂದುವರಿದಿದೆ.

ಆಸ್ಪತ್ರೆಗೆ ಬಂದ ಆರೋಪಿಯನ್ನು ಸಾಮಾನ್ಯವಾಗಿ ಕೆಲವು ದಿನ ಒಳರೋಗಿಯಾಗಿ ಇರಿಸಿಕೊಳ್ಳುತ್ತಾರೆ. ವೈದ್ಯರು ಮೊದಲು ಕಾಗದಪತ್ರಗಳನ್ನು ಓದುತ್ತಾರೆ: ಪ್ರಥಮ ವರ್ತಮಾನ ವರದಿ, ಆರೋಪಪಟ್ಟಿ, ಸಾಕ್ಷಿಗಳ ಹೇಳಿಕೆ, ಹಳೆಯ ಚಿಕಿತ್ಸೆಯ ಚೀಟಿಗಳು. ಬಳಿಕ ಮನೆಯವರನ್ನು, ನೆರೆಯವರನ್ನು ಕೇಳುತ್ತಾರೆ. ಬಾಲ್ಯ ಹೇಗಿತ್ತು? ವಂಶದಲ್ಲಿ ಯಾರಿಗಾದರೂ ಇಂಥ ಕಾಯಿಲೆ ಇತ್ತೇ? ಕುಡಿತ ಇದೆಯೇ? ತಲೆಗೆ ಪೆಟ್ಟು ಬಿದ್ದಿತ್ತೇ, ಮೂರ್ಛೆ ಬರುತ್ತಿತ್ತೇ? ದೇಹದ ಪರೀಕ್ಷೆ, ರಕ್ತ ಪರೀಕ್ಷೆ, ಅಗತ್ಯವಿದ್ದರೆ ಮಿದುಳಿನ ವಿದ್ಯುತ್ ಚಟುವಟಿಕೆ ತೋರಿಸುವ ಇ.ಇ.ಜಿ., ಬುದ್ಧಿಶಕ್ತಿಯ ಅಳತೆ, ಎಲ್ಲವೂ ನಡೆಯುತ್ತವೆ. ಆರೋಪಿಯೊಡನೆ ಮಾತುಕತೆ ಒಂದೇ ದಿನಕ್ಕೆ ಮುಗಿಯುವುದಿಲ್ಲ. ವಾರ್ಡಿನ ಶುಶ್ರೂಷಕರು ಅವನ ಊಟ, ನಿದ್ದೆ, ಮಾತು, ನಡವಳಿಕೆಗಳನ್ನು ಹಗಲೂ ರಾತ್ರಿ ಬರೆದಿಡುತ್ತಾರೆ.

ಈ ಬರವಣಿಗೆಗೆ ಒಂದು ವಿಶೇಷ ಉಪಯೋಗವಿದೆ. ಶಿಕ್ಷೆಯಿಂದ ತಪ್ಪಿಸಿಕೊಳ್ಳಲು ಹುಚ್ಚಿನ ಸೋಗು ಹಾಕುವವರೂ ಉಂಟಲ್ಲವೇ? ಸೋಗು ಹಾಕುವವನು ವೈದ್ಯರ ಎದುರು ಮಾತ್ರ ವಿಚಿತ್ರವಾಗಿ ವರ್ತಿಸುತ್ತಾನೆ. ರಾತ್ರಿ ಎಲ್ಲರೂ ಮಲಗಿದಾಗ ತಾನೂ ನೆಮ್ಮದಿಯಾಗಿ ಮಲಗುತ್ತಾನೆ. ನಿಜವಾದ ರೋಗಿಗೆ ಅಂಥ ಬಿಡುವಿಲ್ಲ. ಅನೇಕ ವೇಳೆ ಅವನು ತನಗೆ ರೋಗವೇ ಇಲ್ಲ ಎಂದು ವಾದಿಸುತ್ತಾನೆ. ಒಂದೇ ಲಕ್ಷಣದಿಂದ ತೀರ್ಮಾನವಿಲ್ಲ. ಹಲವು ಕಡೆಯಿಂದ ಬಂದ ಮಾಹಿತಿ ಒಂದಕ್ಕೊಂದು ಹೊಂದಬೇಕು. ಪ್ರಯೋಗಶಾಲೆಯಲ್ಲಿ ಒಂದೇ ಪರಿಮಾಣವನ್ನು ಬೇರೆ ಬೇರೆ ವಿಧಾನದಿಂದ ಅಳೆದು ತಾಳೆ ನೋಡುವಿರಲ್ಲ, ಹಾಗೆಯೇ ಇದು.

ಆದರೂ ಇಲ್ಲಿ ಒಂದು ಮಿತಿಯಿದೆ. ವೈದ್ಯರ ಎದುರು ಇರುವುದು ಇಂದಿನ ಮನಸ್ಸು. ನ್ಯಾಯಾಲಯಕ್ಕೆ ಬೇಕಾದದ್ದು ತಿಂಗಳುಗಳ ಹಿಂದಿನ ಒಂದು ಗಳಿಗೆಯ ಮನಸ್ಸು. ಆ ಗಳಿಗೆಯನ್ನು ಮತ್ತೆ ತಂದು ಸೂಕ್ಷ್ಮದರ್ಶಕದ ಕೆಳಗೆ ಇಡಲಾಗದು. ಸುತ್ತಲಿನ ಕುರುಹುಗಳಿಂದ ಊಹಿಸಿ ಕಟ್ಟಬೇಕು. ಒಂದರ್ಥದಲ್ಲಿ ಮನೋವೈದ್ಯರು ಇಲ್ಲಿ ಇತಿಹಾಸಕಾರರ ಕೆಲಸವನ್ನೇ ಮಾಡುತ್ತಾರೆ.

ವೈದ್ಯರ ಮಾತು, ನ್ಯಾಯಾಧೀಶರ ತೀರ್ಮಾನ

ವೈದ್ಯರು 'ಇವನಿಗೆ ಸ್ಕಿಜೋಫ್ರೇನಿಯಾ ಇದೆ' ಎಂದು ಬರೆದರೆ ಆರೋಪಿ ಬಿಡುಗಡೆಯಾಗುತ್ತಾನೆಯೇ? ಆಗಬೇಕೆಂದೇನೂ ಇಲ್ಲ. ರೋಗವಿದೆಯೇ ಎಂಬುದು ವೈದ್ಯರ ಪ್ರಶ್ನೆ. ಹೊಣೆಯಿದೆಯೇ ಎಂಬುದು ನ್ಯಾಯಾಧೀಶರ ಪ್ರಶ್ನೆ. ಸರ್ವೋಚ್ಚ ನ್ಯಾಯಾಲಯದ ಮೂರು ತೀರ್ಪುಗಳನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಮೊದಲನೆಯದು 1964ರ ದಹ್ಯಾಭಾಯಿ ಪ್ರಕರಣ. ಗುಜರಾತಿನ ಒಬ್ಬ ವ್ಯಕ್ತಿ ಹೆಂಡತಿಯನ್ನು ಕೊಂದು, ಆಗ ತನಗೆ ಬುದ್ಧಿಭ್ರಮಣೆಯಾಗಿತ್ತೆಂದು ವಾದಿಸಿದ್ದ. ನ್ಯಾಯಾಲಯ ಆ ವಾದವನ್ನು ಒಪ್ಪಲಿಲ್ಲ. ಆದರೆ ಬಹುಕಾಲ ಬಾಳುವ ತತ್ತ್ವಗಳನ್ನು ಹೇಳಿತು. ನೋಡಬೇಕಾದದ್ದು ಕೃತ್ಯದ ಗಳಿಗೆಯನ್ನು. ಅದನ್ನು ತಿಳಿಯಲು ಅದರ ಹಿಂದಿನ, ಅದರ ಜೊತೆಗಿನ, ಅದರ ನಂತರದ ನಡವಳಿಕೆಗಳನ್ನು ಪರಿಶೀಲಿಸಬೇಕು. ಆರೋಪಿ ತನ್ನ ವಾದವನ್ನು ತೋರಿಸಿಕೊಡಬೇಕು ನಿಜ. ಆದರೆ ಸರಕಾರದ ಮೇಲಿರುವಷ್ಟು ಭಾರವಾದ ಹೊಣೆ ಅವನ ಮೇಲಿಲ್ಲ. 'ಹೀಗಿದ್ದಿರುವ ಸಂಭವವೇ ಹೆಚ್ಚು' ಎಂದು ಅನಿಸಿದರೆ ಸಾಕು.

ಎರಡನೆಯದು 1970ರ ರತನ್‌ಲಾಲ್ ಪ್ರಕರಣ. ಮಧ್ಯಪ್ರದೇಶದಲ್ಲಿ ಒಬ್ಬಾತ ಕಣದಲ್ಲಿದ್ದ ಹುಲ್ಲಿಗೆ ಬೆಂಕಿ ಇಟ್ಟ. ಕೇಳಿದರೆ, ನಾನೇ ಸುಟ್ಟೆ, ಏನು ಬೇಕಾದರೂ ಮಾಡಿಕೊಳ್ಳಿ ಎಂಬಂತೆ ಉತ್ತರಿಸಿದ. ವೈದ್ಯರ ವರದಿ ಮತ್ತು ಅವನ ನಡವಳಿಕೆಗಳನ್ನು ಗಮನಿಸಿ ನ್ಯಾಯಾಲಯ ಅವನನ್ನು ಬಿಡುಗಡೆ ಮಾಡಿತು. ಮೂರನೆಯದು 2002ರದ್ದು, ನಮ್ಮ ನೆರೆಯ ಮಹಾರಾಷ್ಟ್ರದ್ದು. ಹೆಂಡತಿಯನ್ನು ಕೊಂದ ಪೊಲೀಸ್ ಪೇದೆಯೊಬ್ಬನಿಗೆ ಸಂಶಯಪ್ರಧಾನವಾದ ಸ್ಕಿಜೋಫ್ರೇನಿಯಾ ಇತ್ತು. ಅವನು ಮೊದಲೇ ಚಿಕಿತ್ಸೆ ಪಡೆಯುತ್ತಿದ್ದ ದಾಖಲೆಗಳಿದ್ದವು. ತಂದೆಗೂ ಮನೋರೋಗವಿತ್ತು. ಕೃತ್ಯದ ಬಳಿಕ ಓಡಿಹೋಗುವ, ಬಚ್ಚಿಡುವ ಪ್ರಯತ್ನ ಮಾಡಿರಲಿಲ್ಲ. ಇವೆಲ್ಲವನ್ನೂ ಕೂಡಿಸಿ ನೋಡಿ ನ್ಯಾಯಾಲಯ ಅವನ ವಾದವನ್ನು ಎತ್ತಿಹಿಡಿಯಿತು.

ಇಲ್ಲಿ ದಾಖಲೆಗಳ ಪಾತ್ರವನ್ನು ಗಮನಿಸಿ. ಆಸ್ಪತ್ರೆಯ ಒಂದು ಹಳೆಯ ಚೀಟಿ ಒಬ್ಬನ ಜೀವವನ್ನು ಉಳಿಸಬಲ್ಲದು. ತಾಯಿತ ಕಟ್ಟಿಸಿಕೊಂಡವನ ಕೈಯಲ್ಲಿ ಅಂಥ ಚೀಟಿ ಇರುವುದಿಲ್ಲ. ನಂಬಿಕೆ ಸರಿಯೇ ತಪ್ಪೇ ಎಂಬ ಚರ್ಚೆ ಹಾಗಿರಲಿ, ನ್ಯಾಯಾಲಯದಲ್ಲಿ ಮಾತನಾಡುವುದು ಕಾಗದ. ಬಡವನಿಗೆ ಎರಡು ಬಗೆಯ ನಷ್ಟ: ಮೊದಲು ಚಿಕಿತ್ಸೆ ಸಿಗಲಿಲ್ಲ, ಆಮೇಲೆ ಚಿಕಿತ್ಸೆ ಸಿಗಲಿಲ್ಲವೆಂಬ ಕಾರಣಕ್ಕೆ ಪುರಾವೆಯೂ ಸಿಗಲಿಲ್ಲ.

ಮರೆತುಹೋದ ಮನುಷ್ಯರು

ಈಗ ಎರಡನೆಯ ಪ್ರಶ್ನೆಗೆ ಬರೋಣ. ತನ್ನ ಮೇಲಿನ ಆರೋಪವೇನೆಂದು ತಿಳಿಯದವನು, ವಕೀಲರೊಡನೆ ಮಾತನಾಡಲಾರದವನು ವಿಚಾರಣೆಗೆ ನಿಲ್ಲಲಾರ. ಅವನು ಗುಣವಾಗುವವರೆಗೆ ವಿಚಾರಣೆಯನ್ನು ಮುಂದೂಡಬೇಕು ಎನ್ನುತ್ತದೆ ಕಾನೂನು. ಕೇಳಲು ಇದು ದಯೆಯ ನಿಯಮ. ಆದರೆ ಅವನು ಗುಣವಾದ ಮೇಲೆ ನ್ಯಾಯಾಲಯಕ್ಕೆ ಯಾರೂ ತಿಳಿಸದಿದ್ದರೆ?

ಅಸ್ಸಾಮಿನ ಮಚಾಂಗ್ ಲಾಲುಂಗ್ ಎಂಬಾತನ ಕಥೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿದಿರಬೇಕು. 1951ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿದ್ದ ಅವನನ್ನು ಒಬ್ಬರಿಗೆ ತೀವ್ರ ಗಾಯ ಮಾಡಿದನೆಂಬ ಆರೋಪದ ಮೇಲೆ ಬಂಧಿಸಿದರು. ತೇಜಪುರದ ಮಾನಸಿಕ ಆಸ್ಪತ್ರೆಗೆ ಕಳಿಸಿದರು. 1967ರಲ್ಲಿ ವೈದ್ಯರು ಅವನು ಗುಣವಾಗಿದ್ದಾನೆಂದು ಬರೆದರು. ಆದರೆ ಅವನು ಹೋದದ್ದು ಮನೆಗಲ್ಲ, ಜೈಲಿಗೆ. ಬಿಡುಗಡೆಯಾದದ್ದು 2005ರಲ್ಲಿ. ಒಟ್ಟು 54 ವರ್ಷ. ವಿಚಾರಣೆ ನಡೆಯಲೇ ಇಲ್ಲ. ಹೊರಬಂದ ಎರಡೇ ವರ್ಷಗಳಲ್ಲಿ, 2007ರಲ್ಲಿ, ಅವನು ತೀರಿಕೊಂಡ.

ಇದು ಒಂದೇ ಪ್ರಕರಣವಲ್ಲ. 1982ರಲ್ಲಿ ವೀಣಾ ಸೇಠಿ ಪ್ರಕರಣದಲ್ಲಿ, ಬಿಹಾರದ ಹಜಾರಿಬಾಗ್ ಜೈಲಿನಲ್ಲಿ ಹೀಗೆಯೇ ದಶಕಗಳಿಂದ ಉಳಿದುಹೋದ ಕೈದಿಗಳ ಸಂಗತಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಗುಣವಾದ ಬಳಿಕವೂ ಅವರನ್ನು ಹಾಗೆಯೇ ಇರಿಸಿಕೊಂಡದ್ದು ಅಕ್ರಮವೆಂದು ನ್ಯಾಯಾಲಯ ಬಿಡುಗಡೆಗೆ ಆದೇಶಿಸಿತು. 1993ರಲ್ಲಿ ಶೀಲಾ ಬಾರ್ಸೆ ಪ್ರಕರಣದಲ್ಲಿ, ಯಾವ ಅಪರಾಧದ ಆರೋಪವೂ ಇಲ್ಲದ ಮನೋರೋಗಿಗಳನ್ನು ಜೈಲಿನಲ್ಲಿಡುವುದೇ ಕಾನೂನುಬಾಹಿರ ಎಂದಿತು.

ಇಲ್ಲಿ ಯಾರ ಕ್ರೌರ್ಯವೂ ಎದ್ದುಕಾಣುವುದಿಲ್ಲ. ಆಸ್ಪತ್ರೆ ಜೈಲಿಗೆ ಬರೆಯಿತು, ಜೈಲು ಯಾರಿಗೂ ಬರೆಯಲಿಲ್ಲ. ನ್ಯಾಯಾಲಯದ ಕಡತ ಮುಚ್ಚಿಕೊಂಡಿತು. ಕಾಗದಗಳ ನಡುವೆ ಒಬ್ಬ ಮನುಷ್ಯ ಜಾರಿಹೋದ. ಹುಚ್ಚನ ಪರವಾಗಿ ಕೇಳುವವರು ಯಾರೂ ಇಲ್ಲದಿದ್ದಾಗ ಶಿಕ್ಷೆಗಿಂತ ದಯೆಯೇ ಉದ್ದವಾಗಬಲ್ಲದು.

ಸುಳ್ಳು ಹಿಡಿಯುವ ಯಂತ್ರದ ಪಾಠ

ಆರೋಪಿಯ ಮನಸ್ಸಿನೊಳಗೆ ಇಳಿಯಲು ಇನ್ನೊಂದು ದಾರಿಯೂ ಕೆಲಕಾಲ ಪ್ರಚಾರಕ್ಕೆ ಬಂದಿತ್ತು. ಸೋಡಿಯಂ ಪೆಂಟೋಥಾಲ್ ಚುಚ್ಚಿ ಅರೆಪ್ರಜ್ಞೆಯಲ್ಲಿ ಮಾತನಾಡಿಸುವ ನಾರ್ಕೋ ಪರೀಕ್ಷೆ, ತಲೆಗೆ ತಂತಿ ಜೋಡಿಸುವ ಬ್ರೈನ್ ಮ್ಯಾಪಿಂಗ್, ಸುಳ್ಳು ಪತ್ತೆ ಯಂತ್ರ. 2000ದ ದಶಕದಲ್ಲಿ ಬೆಂಗಳೂರಿನ ಪ್ರಯೋಗಾಲಯ ಇದಕ್ಕೆ ದೇಶದಲ್ಲೆಲ್ಲ ಹೆಸರಾಗಿತ್ತು. ಪತ್ರಿಕೆಗಳು, ದೂರದರ್ಶನ ವಾಹಿನಿಗಳು ಇವನ್ನು ಪವಾಡದಂತೆ ವರ್ಣಿಸಿದವು.

2008ರಲ್ಲಿ ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯೊಂದು ಬ್ರೈನ್ ಮ್ಯಾಪಿಂಗ್ ವಿಧಾನವನ್ನು ಪರಿಶೀಲಿಸಿತು. ಅದಕ್ಕೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲ, ನ್ಯಾಯಾಲಯದಲ್ಲಿ ಸಾಕ್ಷ್ಯವಾಗಿ ಬಳಸಬಾರದು ಎಂದಿತು. 2010ರ ಮೇ 5ರಂದು ಸರ್ವೋಚ್ಚ ನ್ಯಾಯಾಲಯ 'ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ' ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಒಪ್ಪಿಗೆಯಿಲ್ಲದೆ ಯಾರನ್ನೂ ಈ ಪರೀಕ್ಷೆಗಳಿಗೆ ಒಳಪಡಿಸುವಂತಿಲ್ಲ, ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದೆಂಬ ಸಂವಿಧಾನದ ಹಕ್ಕಿಗೆ ಅದು ಧಕ್ಕೆ ಎಂದಿತು.

ಮನೋವೈದ್ಯಕೀಯ ಪರೀಕ್ಷೆಗೂ ಇವಕ್ಕೂ ಇರುವ ವ್ಯತ್ಯಾಸವನ್ನು ತಿಳಿದುಕೊಳ್ಳಿ. ಒಂದು, ಆರೋಪಿಗೆ ಅರಿವಿತ್ತೇ ಎಂದು ಕೇಳುತ್ತದೆ. ಇನ್ನೊಂದು, ಅವನಿಂದ ತಪ್ಪೊಪ್ಪಿಗೆಯನ್ನು ಹಿಂಡಲು ನೋಡುತ್ತದೆ. ಆದ್ದರಿಂದಲೇ ಒಳ್ಳೆಯ ಮನೋವೈದ್ಯರು ಪರೀಕ್ಷೆಯ ಆರಂಭದಲ್ಲಿಯೇ ಆರೋಪಿಗೆ ತಿಳಿಸುತ್ತಾರೆ: ನಾನು ನಿಮ್ಮ ವೈದ್ಯ ಮಾತ್ರವಲ್ಲ, ನನ್ನ ವರದಿ ನ್ಯಾಯಾಲಯಕ್ಕೆ ಹೋಗುತ್ತದೆ. ಯಂತ್ರ ಇಂಥ ಮಾತನ್ನು ಹೇಳುವುದಿಲ್ಲ.

ಶಿಕ್ಷೆಯಾದ ಮೇಲೆ

ಮೂರನೆಯ ಪ್ರಶ್ನೆಯನ್ನು, ಎಂದರೆ 'ಮುಂದೇನು' ಎಂಬುದನ್ನು, ನಮ್ಮ ನ್ಯಾಯಾಲಯಗಳು ಗಂಭೀರವಾಗಿ ಕೇಳತೊಡಗಿದ್ದು ತೀರ ಈಚೆಗೆ. 2014ರ ಶತ್ರುಘ್ನ ಚೌಹಾಣ್ ಪ್ರಕರಣದಲ್ಲಿ, ಮನೋರೋಗವೂ ಮರಣದಂಡನೆಯನ್ನು ಇಳಿಸುವುದಕ್ಕೆ ಒಂದು ಕಾರಣವಾಗಬಹುದು ಎಂದು ಸರ್ವೋಚ್ಚ ನ್ಯಾಯಾಲಯ ಒಪ್ಪಿತು. 2019ರಲ್ಲಿ, ಶಿಕ್ಷೆಯಾದ ನಂತರ ತೀವ್ರ ಮನೋರೋಗಕ್ಕೆ ತುತ್ತಾದ ಕೈದಿಯೊಬ್ಬನ ಮರಣದಂಡನೆಯನ್ನು ಜೀವಾವಧಿಗೆ ಇಳಿಸಿತು. ತೀರ್ಪಿನಲ್ಲಿ ಅವನ ಹೆಸರನ್ನು ಮರೆಮಾಡಿ 'ಎಕ್ಸ್' ಎಂದಷ್ಟೇ ಕರೆಯಿತು. 2022ರ ಮನೋಜ್ ಪ್ರಕರಣದಲ್ಲಿ, ಮರಣದಂಡನೆ ಕೇಳುವ ಸರಕಾರ ಆರೋಪಿಯ ಮನೋವೈದ್ಯಕೀಯ ಮೌಲ್ಯಮಾಪನವನ್ನೂ ವಿಚಾರಣಾ ನ್ಯಾಯಾಲಯದ ಮುಂದಿಡಬೇಕು ಎಂದಿತು. ಅದೇ ವರ್ಷ, ಬೆಂಗಳೂರಿನ ಕೊಲೆ ಪ್ರಕರಣವೊಂದರಲ್ಲಿ ಮರಣದಂಡನೆಗೆ ಗುರಿಯಾಗಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ವರ್ಷಗಟ್ಟಲೆ ಏಕಾಂತ ಸೆರೆಯಲ್ಲಿದ್ದವನ ಶಿಕ್ಷೆಯನ್ನು ಕನಿಷ್ಠ 30 ವರ್ಷಗಳ ಜೀವಾವಧಿಗೆ ಇಳಿಸಿತು. ಏಕಾಂತ ಸೆರೆ ಅವನ ಆರೋಗ್ಯದ ಮೇಲೆ ಬೀರಿದ ದುಷ್ಪರಿಣಾಮವೇ ಅದಕ್ಕೆ ಕಾರಣ. ಅಪರಾಧ ಘೋರವಾದದ್ದೇ. ಆದರೆ ಸೆರೆಮನೆಯೇ ಮನಸ್ಸನ್ನು ಒಡೆಯಬಲ್ಲದೆಂಬುದನ್ನೂ ನ್ಯಾಯಾಲಯ ಗುರುತಿಸಿತು.

ಈ ಮಾತಿಗೆ ಅಂಕಿಗಳ ಆಧಾರವೂ ಇದೆ. ನಿಮ್ಹಾನ್ಸ್ ತಜ್ಞರು ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿ 5,024 ಕೈದಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಪ್ರಕಟಿಸಿದರು. ಮದ್ಯ, ತಂಬಾಕು ಮೊದಲಾದ ವ್ಯಸನಗಳನ್ನು ಬಿಟ್ಟು ಲೆಕ್ಕ ಹಾಕಿದರೂ ಶೇಕಡ 27.6ರಷ್ಟು ಜನರಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಕಂಡುಬಂದಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ಪ್ರತಿಯೊಂದು ರಾಜ್ಯದ ಕನಿಷ್ಠ ಒಂದು ಜೈಲಿನಲ್ಲಿಯಾದರೂ ಮಾನಸಿಕ ಚಿಕಿತ್ಸಾ ಕೇಂದ್ರ ಇರಬೇಕೆಂದು ವಿಧಿಸಿದೆ.

ನಮ್ಮ ಊರಿನಿಂದ ನೋಡಿದರೆ

ಇಷ್ಟು ಓದಿದ ಮೇಲೆ ಕೊಳಾರದ ನಮ್ಮ ಕಲ್ಪನೆಯ ಯುವಕನ ಬಗ್ಗೆ ಇನ್ನೊಮ್ಮೆ ಯೋಚಿಸಿ. ಅವನಿಗೆ ಮೂರು ಅಪಾಯಗಳಿವೆ. ರೋಗಿಯಾಗಿದ್ದರೂ ಅಪರಾಧಿಯಂತೆ ಶಿಕ್ಷೆಯಾಗಬಹುದು. ರೋಗಿಯಲ್ಲದಿದ್ದರೂ ಸೋಗಿನಿಂದ ಪಾರಾಗಿ ಸತ್ತವನಿಗೆ ಅನ್ಯಾಯವಾಗಬಹುದು. ಅಥವಾ ಎರಡೂ ಆಗದೆ ಯಾವುದೋ ಕಡತದಲ್ಲಿ ಮರೆತುಹೋಗಬಹುದು. ಮೊದಲೆರಡು ಅಪಾಯಗಳ ಬಗ್ಗೆ ಜನ ಜಗಳವಾಡುತ್ತಾರೆ. ಮೂರನೆಯದರ ಬಗ್ಗೆ ಮಾತನಾಡುವವರು ಕಡಿಮೆ.

ನಾಲ್ಕನೆಯ ಸಂಗತಿಯೊಂದಿದೆ, ಅದು ನ್ಯಾಯಾಲಯಕ್ಕಿಂತ ಮೊದಲಿನದು. ಆ ಯುವಕ ನಿದ್ದೆಯಿಲ್ಲದೆ ತಿರುಗುತ್ತಿದ್ದ ತಿಂಗಳುಗಳಲ್ಲಿಯೇ ಚಿಕಿತ್ಸೆ ಸಿಕ್ಕಿದ್ದರೆ ಅಣ್ಣ ಬದುಕಿರುತ್ತಿದ್ದನೇನೋ. ಮನೋರೋಗಿಗಳೆಲ್ಲ ಹಿಂಸೆಗಿಳಿಯುತ್ತಾರೆಂದು ಖಂಡಿತ ಭಾವಿಸಬೇಡಿ. ಅವರಲ್ಲಿ ಬಹುಪಾಲು ಜನ ಯಾರಿಗೂ ನೋವು ಮಾಡುವವರಲ್ಲ, ತಾವೇ ನೋವು ಉಣ್ಣುವವರು. ಆದರೆ ಹೊತ್ತಿಗೆ ಸರಿಯಾಗಿ ಸಿಕ್ಕ ಔಷಧ ಎರಡು ಜೀವ ಉಳಿಸುವ ಸಂದರ್ಭಗಳೂ ಇವೆ.

ಈ ದಿಕ್ಕಿನಲ್ಲಿ ನಮ್ಮ ನಾಡು ದೇಶಕ್ಕೇ ದಾರಿ ತೋರಿದೆ. 1985ರಲ್ಲಿ ನಿಮ್ಹಾನ್ಸ್ ತಜ್ಞರು ಬಳ್ಳಾರಿ ಜಿಲ್ಲೆಯಲ್ಲಿ ಒಂದು ಪ್ರಯೋಗ ಶುರುಮಾಡಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಸಾಮಾನ್ಯ ವೈದ್ಯರಿಗೇ ಮನೋರೋಗವನ್ನು ಗುರುತಿಸಿ ಔಷಧ ಕೊಡುವ ತರಬೇತಿ ನೀಡಿದರು. ಅದರ ಮಾದರಿಯಲ್ಲಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರಾಷ್ಟ್ರಮಟ್ಟದಲ್ಲಿ ಆರಂಭವಾಯಿತು. 2022ರಿಂದ 14416 ಸಂಖ್ಯೆಗೆ ಫೋನ್ ಮಾಡಿದರೆ ಕನ್ನಡದಲ್ಲಿಯೂ ಸಲಹೆ ಸಿಗುವ 'ಟೆಲಿ ಮಾನಸ್' ಸೇವೆ ಇದೆ. ಔರಾದದ ತಾಂಡಾದಲ್ಲಿರುವವರಿಗೂ ಅದು ಒಂದೇ ದೂರ.

ನಿಮ್ಮಲ್ಲಿ ಕೆಲವರು ಮುಂದೆ ವೈದ್ಯರಾಗುತ್ತೀರಿ, ಕೆಲವರು ವಕೀಲರು, ಪೊಲೀಸರು, ಜೈಲಿನ ಗುಮಾಸ್ತರು ಆಗಬಹುದು. ಮಚಾಂಗ್ ಲಾಲುಂಗ್‌ನ ಕಥೆಯಲ್ಲಿ ಇವರೆಲ್ಲರೂ ಇದ್ದರು. ಇವರಲ್ಲಿ ಯಾರಾದರೂ ಒಬ್ಬರು, ಯಾವುದಾದರೂ ಒಂದು ದಿನ, ಕಡತ ತೆರೆದು 'ಈ ಮನುಷ್ಯ ಇನ್ನೂ ಇಲ್ಲಿ ಏಕಿದ್ದಾನೆ?' ಎಂದು ಕೇಳಿದ್ದರೆ ಸಾಕಾಗಿತ್ತು. ಹಾಗೆ ಕೇಳಲು ಕಾನೂನಿನ ಪದವಿಯಾಗಲಿ ವೈದ್ಯಕೀಯ ಪದವಿಯಾಗಲಿ ಬೇಕಾಗಿರಲಿಲ್ಲ. ನೀವು ಯಾವ ಮೇಜಿನ ಮುಂದೆ ಕುಳಿತರೂ ಆ ಪ್ರಶ್ನೆಯನ್ನು ಕೇಳುವ ಅಭ್ಯಾಸವನ್ನು ಇಂದಿನಿಂದಲೇ ಬೆಳೆಸಿಕೊಳ್ಳಿ.